ಮಳೆಯ ನಂತರ ಅಳಿವೆಯ ಮೀನುಮರಿಗಳು ದಡದಲ್ಲಿ ಬಾಯಿ ತೆರೆದು ನಿಲ್ಲುತ್ತಿವೆ: ಉಪ್ಪಿನಂಶ ಕುಸಿದದ್ದು ಕಾರಣವೇ?

ಪ್ರಶ್ನೆ:
ಸಮುದ್ರದಲ್ಲಿ ಹುಟ್ಟಿ ಅಳಿವೆಯಲ್ಲಿ ಬೆಳೆಯುವ ಮಲೆಟ್ ಮರಿಗಳನ್ನು ಗಮನಿಸಿ ದಾಖಲಿಸುತ್ತಿದ್ದೇನೆ. ಭಾರಿ ಮಳೆಯಾದ ಮೇಲೆ ಬೆಳಗಿನ ಜಾವ ಅವು ದಡದಂಚಿನ ತೆಳುನೀರಿನಲ್ಲಿ ಗುಂಪುಗೂಡಿ, ಬಾಯಿಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು ನಿಲ್ಲುತ್ತಿವೆ, ಕೆಲವು ಸತ್ತಿವೆ. ಮಧ್ಯಾಹ್ನ ಮೇಲ್ನೀರನ್ನು ಅಳೆದಾಗ ಉಪ್ಪಿನಂಶ ಸಾವಿರಕ್ಕೆ 20ರಿಂದ 8ಕ್ಕೆ ಇಳಿದಿತ್ತು, ಕರಗಿದ ಆಮ್ಲಜನಕ ಮಾತ್ರ ಲೀಟರಿಗೆ 6.5 ಮಿಲಿಗ್ರಾಂ ಇತ್ತು. ಸಿಹಿನೀರೇ ಸಾವಿಗೆ ಕಾರಣವೆಂದು ತೀರ್ಮಾನಿಸಬಹುದೇ?

ಉತ್ತರ:
ಈ ಅಳತೆಗಳಿಂದ ಹಾಗೆ ತೀರ್ಮಾನಿಸುವುದು ಸರಿಯಲ್ಲ. ಮೀನಿನ ರಕ್ತದ ಲವಣಸಾಂದ್ರತೆ ಸಮುದ್ರದ ನೀರಿನ ಸುಮಾರು ಮೂರನೇ ಒಂದರಷ್ಟಿರುವುದರಿಂದ, ಸಾವಿರಕ್ಕೆ 10–12ರ ಆಸುಪಾಸಿನ ನೀರಿನಲ್ಲಿ ಲವಣದ ಸಮತೋಲನ ಕಾಯ್ದುಕೊಳ್ಳಲು ಮರಿಗೆ ಹೆಚ್ಚು ಶ್ರಮವಾಗುವುದಿಲ್ಲ. 8 ಎಂಬುದು ಮಲೆಟ್‌ಗೆ ಅಪಾಯದ ಮಟ್ಟವಲ್ಲ. ಉಪ್ಪುನೀರಿಗಷ್ಟೇ ಒಗ್ಗಿದ, ಆಕಸ್ಮಿಕವಾಗಿ ಒಳಬಂದ ಜಾತಿಗಳ ಮಾತು ಬೇರೆ.

ಬಾಯಿಯನ್ನು ಮೇಲ್ಮೈಗೆ ತಾಗಿಸುವುದೇ ಇಲ್ಲಿ ಮುಖ್ಯ ಸುಳಿವು. ಗಾಳಿಗೆ ತಾಗಿದ ಕೂದಲೆಳೆಯಷ್ಟು ತೆಳುವಾದ ಪದರದಲ್ಲಿ ಉಳಿದಿರುವ ಆಮ್ಲಜನಕವನ್ನು ಮರಿಗಳು ಹೀಗೆ ಕಿವಿರುಗಳ ಮೇಲೆ ಹಾಯಿಸಿಕೊಳ್ಳುತ್ತವೆ. ಹಗುರವಾದ ಸಿಹಿನೀರು ಮೇಲೆ ಹರಡಿದಾಗ, ಭಾರವಾದ ಉಪ್ಪುನೀರು ತಳದಲ್ಲಿ ಸಿಕ್ಕಿಕೊಂಡು ಗಾಳಿಯ ಸಂಪರ್ಕ ಕಳೆದುಕೊಳ್ಳುತ್ತದೆ. ಮಳೆ ಹೊತ್ತುತಂದ ಕೊಳೆಯುವ ಎಲೆ, ಕೆಸರು ಅಲ್ಲಿನ ಆಮ್ಲಜನಕವನ್ನು ಹೀರುತ್ತವೆ. ದ್ಯುತಿಸಂಶ್ಲೇಷಣೆ ನಿಂತಿರುವ ರಾತ್ರಿಯ ಕೊನೆಯಲ್ಲಿ ಕೊರತೆ ತೀವ್ರವಾಗುವುದರಿಂದ ಮಧ್ಯಾಹ್ನದ ಅಳತೆ ಅದನ್ನು ಮರೆಮಾಚುತ್ತದೆ. ದಯವಿಟ್ಟು ಸೂರ್ಯೋದಯಕ್ಕೆ ಮುನ್ನ ತಳದ ನೀರನ್ನೂ ಅಳೆಯಿರಿ.

ಪ್ರಶ್ನೆ:
ಅಳೆದೆ. ತಳದಲ್ಲಿ ಉಪ್ಪಿನಂಶ 19, ಆಮ್ಲಜನಕ 1.6 ಮಿಲಿಗ್ರಾಂ. ಆಮ್ಲಜನಕ ಅಳೆಯುವ ಮೀಟರಿನಲ್ಲಿ ಉಪ್ಪಿನಂಶದ ಹೊಂದಿಕೆಯನ್ನು ಸೊನ್ನೆಗೆ ಇಟ್ಟಿದ್ದೆ, ಅದರಿಂದ ವ್ಯತ್ಯಾಸವಾಗುತ್ತದೆಯೇ?

ಉತ್ತರ:
ಆಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಸುಮಾರು 6.2ನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಸೊನ್ನೆಯಲ್ಲಿಟ್ಟ ಮೀಟರು ಉಪ್ಪುನೀರಿನಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಅಂದರೆ ನಿಮ್ಮ 1.6 ವಾಸ್ತವದಲ್ಲಿ ಇನ್ನೂ ಕಡಿಮೆ. ಸಾಮಾನ್ಯವಾಗಿ 2ಕ್ಕಿಂತ ಕೆಳಗಿನದನ್ನು ತೀವ್ರ ಕೊರತೆಯೆಂದು ಪರಿಗಣಿಸುತ್ತಾರೆ. ತಳ ಬಿಟ್ಟು ದಡಕ್ಕೆ ತಳ್ಳಲ್ಪಟ್ಟ ಮರಿಗಳು ಹಕ್ಕಿಗಳಿಗೂ ಬಿಸಿಲಿಗೂ ಸುಲಭವಾಗಿ ಈಡಾಗುತ್ತವೆ ಎಂಬುದು ನನಗೆ ಹೆಚ್ಚು ಕಳವಳ ತರುವ ಸಂಗತಿ; ಸತ್ತವುಗಳನ್ನಷ್ಟೇ ಎಣಿಸಿದರೆ ನಷ್ಟದ ಈ ಭಾಗ ಲೆಕ್ಕಕ್ಕೆ ಸಿಗುವುದಿಲ್ಲ.

ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರ ಪದರಗಳನ್ನು ಕಲಕುವ ಸಾಧ್ಯತೆ ಹೆಚ್ಚು. ಅಲ್ಲಿಯವರೆಗೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮೇಲಿನ ಮತ್ತು ತಳದ ಉಷ್ಣಾಂಶ, ಉಪ್ಪಿನಂಶ, ಆಮ್ಲಜನಕ ಮೂರನ್ನೂ ದಾಖಲಿಸಿ, ಉಬ್ಬರವೋ ಇಳಿತವೋ ಎಂಬುದನ್ನೂ ಜೊತೆಗೆ ಬರೆದಿಡಿ.