ಸಹಾಯ ಬೇಕು: ಅಳಿವೆಯ ಗಾಳಕ್ಕೆ ಬ್ಯಾರೋಮೀಟರ್ ನೋಡುವುದು ಹೇಗೆ?

ಕಾಸರಗೋಡಿನ ಚಂದ್ರಗಿರಿ ಅಳಿವೆಯಲ್ಲಿ ಕೆಂಬೇರಿ ಮೀನಿಗೆ ಜೀವಂತ ಸಿಗಡಿ ಕಟ್ಟಿ ಗಾಳ ಹಾಕುವವರು ದಯವಿಟ್ಟು ಹೇಳಿ. ಗಾಳಿಯ ಒತ್ತಡ ಇಳಿಯುವಾಗ ಮೀನು ಚೆನ್ನಾಗಿ ಕಚ್ಚುತ್ತದೆ ಅಂತಾರೆ. ಆದರೆ ನಮ್ಮ ಕರಾವಳಿಯಲ್ಲಿ ಮೋಡವೇ ಇಲ್ಲದ ದಿನವೂ ಬೆಳಿಗ್ಗೆ 10ಕ್ಕೆ ಏರಿದ ಒತ್ತಡ ಸಂಜೆ 4ರ ಹೊತ್ತಿಗೆ 3-4 ಮಿಲಿಬಾರ್ ಇಳಿದೇ ಇಳಿಯುತ್ತದೆ. ಅದಕ್ಕೇ ಮೊಬೈಲಿನಲ್ಲಿ ಕಾಣುವ, ಕಳೆದ 3 ಗಂಟೆಗಳ ಒತ್ತಡದ ಗ್ರಾಫ್ ಬಿಟ್ಟು, ಹಿಂದಿನ ದಿನ ಅದೇ ಹೊತ್ತಿನ ರೀಡಿಂಗ್ ಜೊತೆ ಹೋಲಿಸಿ ಬರೆದಿಡುತ್ತಿದ್ದೇನೆ. ರೀಡಿಂಗ್ ಯಾವಾಗಲೂ ದಡದಲ್ಲೇ. 8 ಮೀಟರ್ ಮೇಲೆ ಹತ್ತಿದರೆ 1 ಮಿಲಿಬಾರ್ ಕಮ್ಮಿ ತೋರಿಸುತ್ತದೆ.

ಸಿಕ್ಕಿಕೊಂಡದ್ದು ಇಲ್ಲಿ. 1 ಮಿಲಿಬಾರ್ ಅಂದರೆ ಬರೀ 1 ಸೆಂಟಿಮೀಟರ್ ನೀರಿನ ಭಾರ. ಮೀನು ಒಂದಡಿ ಕೆಳಗಿಳಿದರೆ 30 ಮಿಲಿಬಾರ್ ಹೆಚ್ಚಾಯಿತು! ಭರತ ಇಳಿತದ ವ್ಯತ್ಯಾಸ ಇನ್ನೂ ದೊಡ್ಡದು. ಹಾಗಿರುವಾಗ ಗಾಳಿಯ 3-4 ಮಿಲಿಬಾರ್ ಮೀನಿಗೆ ಗೊತ್ತಾಗುತ್ತದೆಯೇ? ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಕಚ್ಚುವುದು ಜೋರಾಗುತ್ತದೆ, ನಿಜ. ಆದರೆ ಆಗ ಬೆಳಕೂ ಕಮ್ಮಿ, ಗಾಳಿಗೆ ನೀರೂ ಕಲಕಿರುತ್ತದೆ. ಮೇಲಾಗಿ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ನಿನ್ನೆ ಇದೇ ಹೊತ್ತಿಗೆ ಇದ್ದ ನೀರು ಇವತ್ತಿಲ್ಲ.

ನನ್ನ ಪ್ರಶ್ನೆ: ಭರತದ ಹಂತ, ಬೆಳಕು, ನೀರಿನ ಬಣ್ಣ ಒಂದೇ ಇದ್ದು, ಒತ್ತಡ ಮಾತ್ರ ಬೇರೆಯಾದ ದಿನಗಳನ್ನು ಹೋಲಿಸಿ ನೋಡಿದವರು ಇದ್ದೀರಾ? ಕಚ್ಚುವುದರಲ್ಲಿ ವ್ಯತ್ಯಾಸ ಕಂಡಿದ್ದರೆ ಎಷ್ಟು ಮಿಲಿಬಾರ್ ಇಳಿದಾಗ, ಎಷ್ಟು ಗಂಟೆಯೊಳಗೆ?