ಪೆಂಡುಲಮ್ ಲೆಕ್ಕದಾಗ ಎನರ್ಜಿ ಹೆಚ್ಚಿಗಿ ಬರ್ಲಾಕತ್ತದ, ಸಹಾಯ ಬೇಕು

ನಮಸ್ಕಾರ್ರಿ ಎಲ್ಲಾರಿಗಿ. ನಮ್ದು ಕಲಬುರಗಿ ಜಿಲ್ಲಾ ಸೇಡಂ, ತಂಗಿ ಪಿಯುಸಿ ಫಸ್ಟ್ ಇಯರ್ ಸೈನ್ಸ್, ನಾ ಬಿಕಾಂ ಓದ್ದಾವ, ಆದ್ರೂ ಆಕಿ ಜೋಡಿ ಎರಡ್ ದಿನದಿಂದ ಒಂದೇ ಲೆಕ್ಕಕ್ಕ ತಲಿ ಕೆಡಿಸ್ಕೊಂಡ್ ಕುಂತೀನಿ.

1 ಮೀಟರ್ ದಾರ, 200 ಗ್ರಾಂ ಗುಂಡು, 60 ಡಿಗ್ರಿಗಿ ಎಳದು ಬಿಟ್ರ ಕೆಳಗ ಬಂದಾಗ ಸ್ಪೀಡ್ ಎಷ್ಟು, ಇಷ್ಟೇ. ಗುಂಡು ಅರ್ಧ ಮೀಟರ್ ಮ್ಯಾಲ ಏರಿರ್ತದ, ಪೊಟೆನ್ಶಿಯಲ್ ಎನರ್ಜಿ 0.98 ಜೌಲ್, ಅದೆಲ್ಲಾ ಕೈನೆಟಿಕ್ ಆಯ್ತಂದ್ರ ಸ್ಪೀಡ್ ಸೆಕೆಂಡಿಗಿ 3.13 ಮೀಟರ್. ಇಲ್ಲಿ ತನಕ ಸರಿ. ಆದ್ರ ಆಕಿ ಭಾಳ ಶಾಣ್ಯಾಕಿ, ಎಸ್‌ಎಚ್‌ಎಂ (ಸಿಂಪಲ್ ಹಾರ್ಮೋನಿಕ್ ಮೋಷನ್, ಅಂದ್ರ ಒಂದೇ ಲಯದಾಗ ಹಿಂದ ಮುಂದ ತೂಗಾಡೋದು) ಚಾಪ್ಟರ್ ಫಾರ್ಮುಲಾ ಹಚ್ಚಿದ್ಳು, ಒಮೆಗಾ (g ಭಾಗಿಸು ದಾರದ ಉದ್ದ, ಅದ್ರ ವರ್ಗಮೂಲ) ಗುಣಿಸು ಆಂಪ್ಲಿಟ್ಯೂಡ್ (ನಡುವಿಂದ ಎಷ್ಟ್ ದೂರ ತೂಗ್ತದ ಅನ್ನೋದು), ಕೋನ ರೇಡಿಯನ್‌ದಾಗ 1.047 ತಗೊಂಡು, ಅದ್ರಾಗ 3.28 ಬಂತು. ಅಂದ್ರ ಕೆಳಗ 1.07 ಜೌಲ್! ಬಿಟ್ಟಿದ್ದು 0.98, ಮ್ಯಾಲಿಂದು 0.09 ಏನ್ ಪುಕ್ಕಟ ಬಂತೇನ್ರಿ?

ಕ್ಯಾಲ್ಕುಲೇಟರ್ ಮೋಡ್ ಚೆಕ್ ಮಾಡೀವಿ. 10 ಡಿಗ್ರಿ ಇಟ್ಟು ಮಾಡಿದ್ರ ಎರಡೂ ಕಡಿ 0.546 ಸುತ್ತಮುತ್ತನೇ ಬರ್ತದ. ಬಾಗಲಿಗಿ ದಾರ ಕಟ್ಟಿ ಕೀಲಿ ತೂಗಬಿಟ್ಟೂ ನೋಡೀವಿ, ಈ ಬಿಸಲಾಗ ಫ್ಯಾನ್ ಬಂದ್ ಮಾಡ್ಕೊಂಡು, ಅದು ಬಿಟ್ಟ ಎತ್ತರಕ್ಕಿಂತ ಕಮ್ಮೀನೇ ಏರ್ತದ ಹೊರ್ತು ಹೆಚ್ಚಿಗಿ ಒಮ್ಮೀನೂ ಏರಿಲ್ಲ.

ನನ್ ಡೌಟ್ ಏನಂದ್ರ, ಎಸ್‌ಎಚ್‌ಎಂದಾಗ ಸೈನ್ ಥೀಟಾ (ಥೀಟಾ ಅಂದ್ರ ಕೋನ) ಬದ್ಲಿ ಬರೀ ಥೀಟಾ ಹಿಡಿತೀವಲ್ಲ, ಈ ಹೆಚ್ಚಿಗಿ ಎನರ್ಜಿ ಅದ್ರಿಂದ್ಲೇ ಬರ್ಲಾಕತ್ತದೋ ಇಲ್ಲಾ ನಾವ್ ಬ್ಯಾರೆ ಕಡಿ ತಪ್ಪೀವೋ? ಮತ್ತ ಎಷ್ಟ್ ಡಿಗ್ರಿ ತನಕ ಆ ಫಾರ್ಮುಲಾ ನಂಬ್ಬೇಕು? ಗೊತ್ತಿದ್ದವ್ರು ಸ್ಟೆಪ್ ಹಾಕಿ ಹೇಳ್ರಿ, ನಾಡಿದ್ದ ಆಕಿದು ಟೆಸ್ಟ್ ಅದ.