ಪದಚರ್ಚೆ: 'ಹೆಪಟೈಟಿಸ್ ಸಿ ರೋಗಿಗಳ ಯಂತ್ರ' – ಬೋರ್ಡಿಗೆ ಕನ್ನಡ ಬೇಕು, ತುರ್ತು

> ಡಯಾಲಿಸಿಸ್ ವಾರ್ಡಿನ ಬೋರ್ಡು ನಾಳೆ ಪ್ರಿಂಟಿಗೆ ಹೋಗಬೇಕು. 'ಅಂಟುರೋಗಿಗಳ ಯಂತ್ರ' ಅಂದರೆ ಸಾಕಾ?

ಬೇಡವೇ ಬೇಡ. ಹೆಪಟೈಟಿಸ್ ಸಿ, ಅಂದರೆ ಯಕೃತ್ತಿಗೆ ತಗಲುವ ವೈರಸ್ ಸೋಂಕು, ಪಕ್ಕ ಕೂತರೆ, ಕೈ ಹಿಡಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ಅದು ರಕ್ತದಿಂದ ರಕ್ತಕ್ಕೆ ದಾಟುವಂಥದ್ದು. ಆ ಬೋರ್ಡು ಹಾಕಿ ನೋಡಿ, ಪಕ್ಕದ ಬೆಡ್ಡಿನವರು ಅವತ್ತೇ ಜಾಗ ಬದಲಿಸಿ ಅಂತ ಗಲಾಟೆ ಮಾಡುತ್ತಾರೆ. 'ಸೋಂಕು' ಸಾಕು. ಹಳಗನ್ನಡದಲ್ಲಿ ಅದಕ್ಕೂ ಮುಟ್ಟುವುದು ಅಂತಲೇ ಅರ್ಥ, ನಿಜ. ಇವತ್ತು ಯಾರೂ ಹಾಗೆ ಓದುವುದಿಲ್ಲ.

> 'ಈಲಿಯುರಿತ' ಎನ್ನಿ. ಯಕೃತ್ತು, ಪಿತ್ತಜನಕಾಂಗ ಎಲ್ಲ ಸಂಸ್ಕೃತದ ಹೊರೆ.

ಯಕೃತ್ತಿಗೆ ಈಲಿ ಒಳ್ಳೆಯ ಪದ ಸರ್, ಜಗಳ ಇಲ್ಲ. ಆದರೆ ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗುವವರು ಹೆಪಟೈಟಿಸ್ ಸಿಯನ್ನು ಅದರ ವೈರಸ್ಸಿನ ಇಂಗ್ಲಿಷ್ ಚುಟುಕು ಹೆಸರಲ್ಲಿ 'ಎಚ್‌ಸಿವಿ' ಅಂತಾರೆ. ಅವರಿಗೆ ಈಲಿ ಕಲಿಸಲು ಇದಾ ಜಾಗ? ಅಂದಹಾಗೆ 'ಉರಿಯೂತ' ಅಚ್ಚಗನ್ನಡವೇ. ಅದನ್ನು ಬಿಟ್ಟು 'ಉರಿತ' ಯಾಕೆ ಅಂತ ತಿಳಿಯಲಿಲ್ಲ.

'ಕಾಮಾಲೆ' ಅಂದವರಿಗೆ: ಎಷ್ಟೋ ಜನರಿಗೆ ವರ್ಷಗಟ್ಟಲೆ ಕಣ್ಣು ಹಳದಿಯಾಗುವುದೇ ಇಲ್ಲ. ಮುಂದಿನದು.

ನನ್ನ ತಕರಾರು ಇರುವುದು ರೋಗಿಗಳನ್ನು 'ಸೋಂಕಿತರು' ಎನ್ನುವುದಕ್ಕೆ. ಸೋಫೋಸ್ಬುವಿರ್–ವೆಲ್ಪಟಾಸ್ವಿರ್ ಮಾತ್ರೆ 12 ವಾರ ತಗೊಂಡರೆ ಬಹುತೇಕ ಎಲ್ಲರಲ್ಲೂ ವೈರಸ್ ಹೋಗುತ್ತದೆ. ವೈರಸ್ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವ ಆಂಟಿಬಾಡಿ ಪರೀಕ್ಷೆ ಮಾತ್ರ ಆಮೇಲೂ ಪಾಸಿಟಿವ್ ತೋರಿಸುತ್ತಲೇ ಇರುತ್ತದೆ. ವೈರಸ್ ಇದೆಯೋ ಇಲ್ಲವೋ ಅಂತ ಹೇಳುವುದು ಆರ್‌ಎನ್‌ಎ ಪರೀಕ್ಷೆ. ಹಳೇ ರಿಪೋರ್ಟು ನೋಡಿ ಗುಣವಾದವರನ್ನೂ ಅದೇ ಬೋರ್ಡಿನ ಕೆಳಗೆ ಮಲಗಿಸುತ್ತೀರಾ?

ಅಸಲಿಗೆ ಬೇರೆ ಯಂತ್ರ ಬೇಕಾದ್ದು ಹೆಪಟೈಟಿಸ್ ಬಿ ಇದ್ದವರಿಗೆ. ಹೆಪಟೈಟಿಸ್ ಸಿಗೆ ಪ್ರತ್ಯೇಕ ಯಂತ್ರ ಬೇಡ ಅಂತಲೇ ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ ಮಾರ್ಗಸೂಚಿ ಹೇಳುತ್ತದೆ. ರಕ್ತ ಓಡುವುದು ಯಂತ್ರದೊಳಗಲ್ಲ, ಟ್ಯೂಬು ಮತ್ತು ರಕ್ತ ಸೋಸುವ ಡಯಲೈಸರ್ ಒಳಗೆ. ವೈರಸ್ ದಾಟುವುದು ಬದಲಿಸದ ಗ್ಲೌಸಿನಿಂದ, ನಾಲ್ಕಾರು ಜನಕ್ಕೆ ಬಳಸುವ ಒಂದೇ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು) ಬಾಟಲಿಯಿಂದ, ಕುರ್ಚಿಯ ಕೈ ಮೇಲೆ ಒರೆಸದೆ ಬಿಟ್ಟ ಹನಿಯಿಂದ. ಹಾಗಾಗಿ ಬೋರ್ಡು ರೋಗಿಯ ತಲೆ ಮೇಲೆ ಬೇಡ, ಸಿಬ್ಬಂದಿಯ ಕಣ್ಣೆದುರು ಇರಲಿ:

'ಹೆಪಟೈಟಿಸ್ ಸಿ ರಕ್ತದಿಂದ ಹರಡುತ್ತದೆ. ಪ್ರತಿ ರೋಗಿಗೂ ಗ್ಲೌಸ್ ಬದಲಿಸಿ, ಕೈ ತೊಳೆಯಿರಿ.'

'ಕೈಗವಸು' ಅಂತ ತಿದ್ದಲು ಈಗ ಒಬ್ಬರು ಬರುತ್ತಾರೆ, ಗೊತ್ತು. ವಾರ್ಡಿನಲ್ಲಿ ಅದು ಗ್ಲೌಸೇ. ಎರವಲು ಪದದ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ನಾಳೆ ಪ್ರಿಂಟ್ ಆದ ಮೇಲೆ.